ತೊಳೆದ ಕಾಲಿಗೇ ನೀರು

ಮಾರ್ಚ್ 9, ಭಾನುವಾರ

ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಮೀಟಿಂಗು. ತಪಸ್ಸುಕಾಲ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು; ಆದ್ದರಿಂದ ಇಡ್ಲಿಯ ಜೊತೆ ವಡೆ. ನಮ್ಮದು ಸೇವಾ ಸಮಿತಿಯಲ್ಲ, ಸೇವನಾ ಸಮಿತಿ. ನಾನು ಅದರ ಕಾರ್ಯದರ್ಶಿ. ಕಾಲೇಜಿನಲ್ಲಿ ಕನ್ನಡ ಕಲಿಸಿದ ತಪ್ಪಿಗೆ ಮಿನಿಟ್ಸ್ ಬರೆಯುವ ಶಿಕ್ಷೆ.

ವಿಷಯ— ಪವಿತ್ರ ಗುರುವಾರ ಫಾದರ್ ಯಾರ ಯಾರ ಕಾಲು ತೊಳೆಯಬೇಕು. ಯೇಸು ಹನ್ನೆರಡು ಶಿಷ್ಯರ ಕಾಲು ತೊಳೆದ. ಅವು ಧೂಳು ತುಳಿದು ಬಂದ ಕಾಲುಗಳು. ನಮ್ಮೂರು ಸಾಗರದ ಶಿಷ್ಯರ ಸಂಪ್ರದಾಯವೇ ಬೇರೆ: ಕಾಲು ತೊಳೆಸಿಕೊಳ್ಳಲು ಕಾಲು ತೊಳೆದುಕೊಂಡು ಬರುವುದು. ಉಗುರು ಕತ್ತರಿಸಿ, ಹಿಮ್ಮಡಿ ಉಜ್ಜಿ, ಹೊಸ ಸಾಕ್ಸ್ ಏರಿಸಿ. ಹೋದ ವರ್ಷ ಅಧ್ಯಕ್ಷ ರಾಯಪ್ಪನವರು ತೀರ್ಥಹಳ್ಳಿಯ ಪಾರ್ಲರಿಗೇ ಹೋಗಿ ಬಂದಿದ್ದರು. ಪಾದ ಇಲ್ಲಿಯದು, ತೀರ್ಥ ಅಲ್ಲಿಯದು. ಫಾದರ್ ಚಮಚದಷ್ಟು ನೀರು ಹನಿಸಿ, ಟವೆಲ್ ಮುಟ್ಟಿಸಿ, ಮುತ್ತಿಟ್ಟರು. ಫೋಟೋ ವಾಟ್ಸಾಪ್ ಗ್ರೂಪಿಗೆ ಬಂತು. ಪಾದ ಮುಖಕ್ಕಿಂತ ಚೆನ್ನಾಗಿತ್ತು.

ಈ ಸಲ ಹನ್ನೆರಡರಲ್ಲಿ ಕೊನೆಯ ಕುರ್ಚಿಗೆ ಜಗಳ. ರಾಯಪ್ಪನವರಿಗೆ ತಮ್ಮ ಭಾವಮೈದುನ ಆಗಬೇಕು. ನನಗೆ ತಡೆಯಲಾಗಲಿಲ್ಲ.

“ದುಗ್ಗಪ್ಪನ ಹೆಸರು ಹಾಕಿ.”

“ಯಾವ ದುಗ್ಗಪ್ಪ?”

“ಹೊಸನಗರ ರಸ್ತೆಯವನು. ಸಕ್ಕರೆ ಕಾಯಿಲೆ, ಕಾಲಲ್ಲಿ ಹುಣ್ಣು. ನಮ್ಮ ಲೂರ್ದು ಡ್ರೆಸ್ಸಿಂಗ್ ಮಾಡ್ತಾಳಲ್ಲ.”

ವಡೆಗಳು ಬಾಯಿಯ ಹತ್ತಿರ ಹೋಗಿ ನಿಂತವು.

“ಇನ್ನಾಸ್ ಮೇಷ್ಟ್ರೇ, ಅವ ನಮ್ಮೋನಲ್ಲ. ನಾಳೆ ಮತಾಂತರ ಗಿತಾಂತರ ಅಂತ ಗಲಾಟೆ ಎದ್ರೆ ಠಾಣೆಗೆ ನೀವು ಬರ್ತೀರಾ?”

“ಅವನು ಬದಲಾಯಿಸ್ತಿರೋದು ಮತ ಅಲ್ಲ ರಾಯಪ್ಪನವರೇ, ಬ್ಯಾಂಡೇಜು.”

ಫಾದರ್ ನಕ್ಕುಬಿಟ್ಟರು. ನಕ್ಕಿದ್ದಕ್ಕೆ ನಾಚಿ, “ಆಗಲಿ, ಬರಲಿ” ಅಂದರು. ರಾಯಪ್ಪನವರ ಮುಖ ನೋಡಬೇಕಿತ್ತು. ಒಳ್ಳೆಯ ಭಾನುವಾರ.

ಅದೇ ದಿನ, ಊಟವಾದ ಮೇಲೆ

ಲೂರ್ದುಗೆ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ತಟ್ಟೆ ಕುಕ್ಕಿದಳು.

“ಅವರನ್ನ ಕೇಳಿದ್ಯಾ ಅಣ್ಣಾ?”

“ಕೇಳೋದೇನು? ಮರ್ಯಾದೆ ಮಾಡ್ತಿದೀವಿ.”

“ನಿಂಗೆ ರಾಯಪ್ಪನ ಕಾಲೆಳೀಬೇಕು. ಅದಕ್ಕೆ ಆ ಮನುಷ್ಯನ ಕಾಲೇ ಬೇಕಾಯ್ತಾ?”

ಅಚ್ಚುಕಟ್ಟಾದ ಶ್ಲೇಷೆ. ಮಾಡಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ನನ್ನ ತಂಗಿಗೆ ಹಾಸ್ಯಪ್ರಜ್ಞೆ ಇಲ್ಲ. ನರ್ಸ್ ಕೆಲಸದಿಂದ ರಿಟೈರ್ ಆಗಿದ್ದಾಳೆ, ಪಿಂಚಣಿ ಬರುತ್ತದೆ, ಸೋಫಾ ಇದೆ. ಆದರೂ ಬೆಳಗಾದರೆ ಬಸ್ಸು ಹತ್ತಿ ಇನ್ನೊಬ್ಬರ ಕೀವು ಒರೆಸಲು ಓಡುತ್ತಾಳೆ. ಸಂತಳಾಗುವ ಅರ್ಜಿ ಹಾಕಿದ್ದಾಳೋ ಏನೋ.

ಮಾರ್ಚ್ 23, ಭಾನುವಾರ

ಆಹ್ವಾನ ಕೊಡಲು ಅವಳ ಜೊತೆ ಹೋದೆ. ಕಾರ್ಯದರ್ಶಿಯ ಕರ್ತವ್ಯ, ನೋಡಿ.

ದುಗ್ಗಪ್ಪ ಅಡಿಕೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು. ಈಗ ತಮ್ಮನ ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ಒಬ್ಬನೇ. ಲೂರ್ದು ನೆಲದ ಮೇಲೆ ಕೂತು ಆ ಬಲಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬ್ಯಾಂಡೇಜು ಬಿಚ್ಚಿದ್ದೇ ತಡ, ನಾನು ಹೊರಗೆ. ಹಲಸಿನ ಮರ ನೋಡಿದೆ. ಬಹಳ ಒಳ್ಳೆಯ ಮರ.

“ಅಣ್ಣಾ, ಬಾ ಇಲ್ಲಿ. ಹೊಸ ಚರ್ಮ ಬರ್ತಾ ಇದೆ ನೋಡು!” ಬಾಣಂತಿ ಕೋಣೆಯಿಂದ ಕರೆದ ಹಾಗೆ.

ಡಾಕ್ಟರು ಮೊದಲೇ ಎಚ್ಚರಿಸಿದ್ದಾರಂತೆ— ಇನ್ನೊಂದು ಸಲ ಕೆಟ್ಟರೆ ಕಾಲು ಉಳಿಯುವುದಿಲ್ಲ. ಅದಕ್ಕೇ ದಿನವೂ ಬರುವುದಂತೆ. ಪಾದಕ್ಕೆ ಸ್ಪರ್ಶವೇ ಇಲ್ಲ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲವಂತೆ.

ಲೂರ್ದು ನೀರು ತರಲು ಹೋದಾಗ ಆಹ್ವಾನ ಕೊಟ್ಟೆ. ದುಗ್ಗಪ್ಪ ಗಾಬರಿಯಾದ.

“ನನ್ ಕಾಲಾ? ಸ್ವಾಮಿಗಳು ಮುಟ್ತಾರಾ? ವಾಸ್ನೆ ಬತ್ತದೆ ಮೇಷ್ಟ್ರೇ.”

“ನಮ್ಮಲ್ಲಿ ಎಲ್ರೂ ಮನೇಲೇ ಚೆನ್ನಾಗಿ ತಿಕ್ಕಿ ತೊಳ್ಕೊಂಡೇ ಬರೋದು ದುಗ್ಗಪ್ಪ. ಕೊಳೆ ಕಾಲಿಗೆ ಪ್ರವೇಶ ಇಲ್ಲ.”

ರಾಯಪ್ಪನಿಗೆ ಬಿಟ್ಟ ಬಾಣ. ಇವನಿಗೆ ಎಲ್ಲಿ ಅರ್ಥವಾಗಬೇಕು. ಗಂಭೀರವಾಗಿ ತಲೆಯಾಡಿಸಿದ.

ಬಸ್ಸಿನಲ್ಲಿ ಕೇಳಿದೆ, “ಯಾಕೆ ಹೋಗ್ತೀಯ ಲೂರ್ದು? ನಿಜ ಹೇಳು.”

“ಗಾಯ ಒಣಗ್ಲಿ ಅಂತ.”

ಅಷ್ಟೇ. ಒಂದು ವಚನ ಇಲ್ಲ, ಒಂದು ಉಲ್ಲೇಖ ಇಲ್ಲ. ಸಂತರ ಮಟ್ಟ ಬಹಳ ಕುಸಿದಿದೆ.

ಏಪ್ರಿಲ್ 13, ಗರಿಗಳ ಭಾನುವಾರ

ರಾಯಪ್ಪನವರು ಬಿಸಿಲಲ್ಲೂ ಶೂ ಬಿಚ್ಚುತ್ತಿಲ್ಲ. ಗುರುವಾರದ ಪಾದ, ಟ್ಯಾನ್ ಆಗಬಾರದು.

ದುಗ್ಗಪ್ಪನ ಗಾಯ ಬಹುತೇಕ ಮುಚ್ಚಿತಂತೆ. ಲೂರ್ದು ಅಡುಗೆ ಮಾಡುತ್ತ ಕೀರ್ತನೆ ಹಾಡಿದಳು. ಶ್ರುತಿ ಇಲ್ಲ.

ಏಪ್ರಿಲ್ 17, ಪವಿತ್ರ ಗುರುವಾರ

ಬೆಳಿಗ್ಗೆ ಲೂರ್ದು ಅವನನ್ನು ಕರೆತರಲು ಆಟೋ ಮಾಡಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಫೋನು. ಅಳುತ್ತಿರಲಿಲ್ಲ. ಡ್ಯೂಟಿಯ ದನಿ.

ಅವನು ನಸುಕಿನಲ್ಲೇ ಎದ್ದು ಬ್ಯಾಂಡೇಜು ಬಿಚ್ಚಿದ್ದಾನೆ. ಹಂಡೆಯ ಕುದಿನೀರು ಬಕೆಟ್ಟಿಗೆ ತೋಡಿ ಕಾಲು ಅದ್ದಿ ಕೂತಿದ್ದಾನೆ, ಚೊಕ್ಕವಾಗಲಿ ಎಂದು. ಸುಡುತ್ತಿದ್ದದ್ದು ಗೊತ್ತಾಗಿಲ್ಲ. ಆಮೇಲೆ ಸೋಪು. ಆಮೇಲೆ ತೆಂಗಿನ ನಾರು. ಲೂರ್ದು ಹೋದಾಗ ಚರ್ಮ ಬಕೆಟ್ಟಿನಲ್ಲಿತ್ತು. ಅವನು ಬಿಳಿ ಪಂಚೆ ಉಟ್ಟು, ಕಾಲಿಗೆ ಒಗೆದ ಟವೆಲ್ ಸುತ್ತಿ, ಕಾಯುತ್ತಿದ್ದನಂತೆ.

ಅದೇ ಆಟೋದಲ್ಲಿ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಶಿವಮೊಗ್ಗ.

ಸಂಜೆ ಚರ್ಚು. ಕೊನೆಯ ಕುರ್ಚಿ ಖಾಲಿ.

“ಎಲ್ಲಿ ಮೇಷ್ಟ್ರೇ ನಿಮ್ ಕ್ಯಾಂಡಿಡೇಟು? ಕಾಲು ತೊಳಿಯಕ್ಕೆ ಪುರುಸೊತ್ತಿಲ್ವಾ?”— ರಾಯಪ್ಪ. ಹಲ್ಲು ಪಾದದಷ್ಟೇ ಹೊಳೆಯುತ್ತಿತ್ತು.

ಫಾದರ್ ನನಗೆ ಸನ್ನೆ ಮಾಡಿದರು. ಕೂತೆ. ನಾನೂ ತೊಳೆದುಕೊಂಡೇ ಬಂದಿದ್ದೆ… ಕೂರುವವನಲ್ಲದಿದ್ದರೂ. ತಣ್ಣೀರು. ಒಂದೊಂದು ಹನಿಯೂ ಗೊತ್ತಾಯಿತು.

ಏಪ್ರಿಲ್ 20, ಈಸ್ಟರ್

ಗ್ರೂಪಿನಲ್ಲಿ ಫೋಟೋ. ‘ಸೇವೆಯೇ ಪ್ರೀತಿ’ ಎಂಬ ತಲೆಬರಹ. ಕೊನೆಯ ಪಾದ ನನ್ನದು. ಮೂವತ್ತೆಂಟು ಲೈಕು.

ಫೋನಿನಲ್ಲಿ ಅದರ ಕೆಳಗೇ ನನಗೆ ಲೂರ್ದು ಮೆಸೇಜು: ‘ಮಂಡಿ ಕೆಳಗೆ ಕಾಲು ತೆಗೆದರು. ಜ್ವರ ಇದೆ. ನನ್ನ ಎರಡು ಸೀರೆ ಕಳಿಸು.’

ಕಳಿಸಿದೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ. ನಾನು ಹೋಗಲಿಲ್ಲ. ಗ್ರಹಣ ಹಿಡಿದವನ ಹಾಗೆ ಮನೆಯೊಳಗೇ.

ಏಪ್ರಿಲ್ 26, ಶನಿವಾರ. ಶಿವಮೊಗ್ಗ

ಹೋದೆ. ಕಿತ್ತಳೆ ತೆಗೆದುಕೊಂಡು. ರೋಗಿಗಳನ್ನು ನೋಡಲು ಹೋಗುವ ಸಮಿತಿಯವರು ಕಿತ್ತಳೆ ಒಯ್ಯುವುದನ್ನು ಎಷ್ಟು ಸಲ ಗೇಲಿ ಮಾಡಿದ್ದೇನೆ. ಬೇರೇನೂ ಹೊಳೆಯಲಿಲ್ಲ.

ಲೂರ್ದು ಸೊರಗಿ ಹೋಗಿದ್ದಾಳೆ. ಮಂಚದ ಕೆಳಗೆ ಚಾಪೆ, ಅದೇ ಅವಳ ಬಿಡಾರ. ಅವನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ತಲೆ ಬಾಚುತ್ತಿದ್ದಳು. ಉಳಿಸಲು ಹೋದ ಕಾಲು ಉಳಿಯಲಿಲ್ಲ. ಇನ್ನು ಯಾವ ಗಾಯ ಒಣಗಲೆಂದು ಇಲ್ಲಿ ಕೂತಿದ್ದಾಳೆ— ಕೇಳಬೇಕೆನಿಸಿತು. ಕೇಳಲಿಲ್ಲ. ಪಕ್ಕದ ಮಂಚದವರು “ನೀವು ಇವರಿಗೆ ಏನಾಗ್ಬೇಕು?” ಅಂದರು. “ಹೀಗೇ, ಬೇಕಾದೋರು” ಅಂದಳು.

ಬೇಸಿನ್ ತೊಳೆಯಲು ಅವಳು ನಲ್ಲಿಯ ಕಡೆ ಹೋದದ್ದೇ, ದುಗ್ಗಪ್ಪ ನನ್ನ ಕೈ ಎಳೆದ.

“ಹಾಳ್ ಮಾಡ್ಕಂಡೆ ಮೇಷ್ಟ್ರೇ. ಸ್ವಾಮಿಗಳು ಬಾಳ ಕಾದ್ರಾ?”

“ಇಲ್ಲ.”

“ಅಮ್ಮ ಕೇಳಿದ್ರು, ತೊಳ್ಕಳಕ್ಕೆ ಯಾರ್ ಹೇಳಿದ್ರು ಅಂತ. ನಂದೇ ಬುದ್ಧಿ ಅಂದೆ.” ದನಿ ತಗ್ಗಿಸಿದ. “ನೀವ್ ಹೆದ್ರಬ್ಯಾಡಿ. ನಾ ಹೇಳಲ್ಲ.”

ಲೂರ್ದು ವಾಪಸ್ಸು ಬಂದಳು, ಬೇಸಿನ್ ತುಂಬ ನೀರು.

“ಏನಂತಿದಾರೆ ಅಣ್ಣಾ?”

ಬಾಯಿಗೆ ಒಂದು ಜೋಕು ಬಂತು. ಒಳ್ಳೆಯದೇ. ಹೇಳಿದ್ದರೆ ಮೂವರೂ ನಗುತ್ತಿದ್ದೆವು, ಅವನು ಎಲ್ಲರಿಗಿಂತ ಜೋರಾಗಿ.

“ಲೂರ್ದು,” ಅಂದೆ. “ಆವತ್ತು ಅವರ ಮನೇಲಿ ನೀನು ನೀರು ತರೋಕೆ ಹೋಗಿದ್ದೆಯಲ್ಲ, ಆಗ ನಾನು ಹೇಳಿದ್ದು, ತಿಕ್ಕಿ ತೊಳ್ಕೊಂಡೇ ಬರ್ಬೇಕು ಅಂತ.”