ಯುರೋಪಿನ ಹೊಗೆಯ ಬಗ್ಗೆ ನೀವು ಹೇಳಿದ್ದು

ಅಪ್ಪಾಜಿ,

ನೀವು ತೀರಿಕೊಂಡು ವರ್ಷವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇಂದು ಮೂಡಲಗಿ ಕಾಲೇಜಿನ ಚರ್ಚಾಸ್ಪರ್ಧೆಗೆ ನಾನು ತೀರ್ಪುಗಾರಳಾಗಿದ್ದೆ. ವಿಷಯ, ಈ ವರ್ಷ ಜಾರಿಗೆ ಬಂದ ಕ್ಯೋಟೋ ಹವಾಮಾನ ಒಪ್ಪಂದ. ಆಮ್ರಪಾಲಿ ಎಂಬ ವಿದ್ಯಾರ್ಥಿನಿ ಈ ಒಪ್ಪಂದದ ಬಗ್ಗೆ ನೀವು ಬರೆದ ಹಳೆಯ ಲೇಖನವೊಂದನ್ನು ಓದಿಕೊಂಡು ಬಂದಿದ್ದಳು.

"ಯುರೋಪಿನವರು ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತರಾದ್ರು. ಈಗ ಒಪ್ಪಂದ ಮಾಡಿ ನಮ್ಮ ಒಲಿ ಆರಸಾಕ ಬಂದಾರ. ಯುರೋ ಅಂತ ಒಂದ ನಾಣ್ಯ ಮಾಡ್ಕೊಂಡ್ರೂ ಅವರೊಳಗ ಒಮ್ಮತಿಲ್ಲ," ಎಂದಳು.

ಒಪ್ಪಂದ ಜಾರಿಗೆ ಬರುವ ಮುನ್ನ, ನಿಮ್ಮ ಪಕ್ಷದ ಪರವಾಗಿ ಯುರೋಪ್ ನೋಡಿಬಂದ ನೀವು ಘಟಪ್ರಭಾದ ಸಭೆಯಲ್ಲಿ ಇದನ್ನೇ ಹೇಳಿದಾಗ ನಾನು ಎದ್ದು ನಿಂತು, "ಅದು ನಮ್ಮ ದೇಶದ ಮ್ಯಾಲ ಏನೂ ಹೇರಿಲ್ಲ. ನೀವು ಒಪ್ಪಂದ ಓದೇ ಇಲ್ರಿ," ಎಂದಿದ್ದೆ. ಜನ ನಕ್ಕರು. ಆಮೇಲೆ ನೀವು ನನ್ನೆದುರು ರಾಜಕೀಯ ಮಾತಾಡಲೇ ಇಲ್ಲ.

ಇಂದು ಸ್ಪರ್ಧೆ ಮುಗಿದ ಮೇಲೆ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಪ್ಪಂದದಲ್ಲಿ ನಮ್ಮಂಥ ದೇಶಗಳಿಗೆ ಮಿತಿ ಹಾಕಿಲ್ಲ ಎನ್ನುವ ಭಾಗವನ್ನು ಓದಿಸಿದೆ.

"ಒಲಿ ಮಾತು ತಪ್ಪಾತ್ರಿ," ಎಂದಳು. "ಉಳಿದದ್ದು ಖರೆ ಐತಲ್ರಿ, ಮೇಡಂ?"

"ಖರೆ ಐತಿ," ಎಂದೆ.

ಅಂದು ನಿಮಗೆ ಹೇಳದ ಅಷ್ಟನ್ನು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ.

ಶ್ರದ್ಧಾ