ಆಧಾರ್‌ನಲ್ಲಿ ವಸುಧಾ, ಪಾಸ್‌ಪೋರ್ಟಿನಲ್ಲಿ ಪ್ರಕೃತಿ

ಜೂನ್ 3, ಸೋಮವಾರ

ನಾನು ವಿಮಲಾ. ಓದಿದ್ದು ಎಸ್ಸೆಸ್ಸೆಲ್ಸಿ. ಜಯನಗರದ ಈ ಮನೆಯಲ್ಲಿ ನಲವತ್ತೊಂದು ವರ್ಷಗಳಿಂದ ಕೊನೆಯ ಮಾತು ನನ್ನದು. ಮರೆತವರಿಗಾಗಿ ಇಲ್ಲಿ ಬರೆದಿರಲಿ.

ಹೂ ಕಟ್ಟುತ್ತಿದ್ದಾಗ ಸೊಸೆ ಬಂದಳು. ಐರ್ಲೆಂಡಿನ ಆಸ್ಪತ್ರೆಯಿಂದ ವರ್ಕ್ ಪರ್ಮಿಟ್ ಬಂತಂತೆ. ಫಿಸಿಯೋಥೆರಪಿ ಕೆಲಸ. ಆದರೆ ಪಾಸ್‌ಪೋರ್ಟಿಗೆ ಉಳಿದಿರುವುದು ನಾಲ್ಕೇ ತಿಂಗಳು. ರಿನ್ಯೂ ಆಗದೆ ವೀಸಾ ಇಲ್ಲ. ಮಾಡಿಸು ಎಂದೆ. ಅದರಲ್ಲೇನಿದೆ!

ಜೂನ್ 10, ಸೋಮವಾರ

ಪಾಸ್‌ಪೋರ್ಟ್ ಆಫೀಸು. ಹೊರಗೆ ಎರಡು ಗಂಟೆ ಕಾದೆ. ಸೊಸೆ ಸಪ್ಪೆ ಮುಖ ಹೊತ್ತು ಬಂದಳು. ಪಾಸ್‌ಪೋರ್ಟಿನಲ್ಲಿ ಪ್ರಕೃತಿ, ಆಧಾರ್‌ನಲ್ಲಿ ವಸುಧಾ. ಎರಡರಲ್ಲೂ ಒಂದೇ ಹೆಸರಿರಬೇಕಂತೆ.

ವಸುಧಾ ನಾನಿಟ್ಟ ಹೆಸರು. ಮದುವೆಯಲ್ಲಿ ತಟ್ಟೆಯ ತುಂಬ ಅಕ್ಕಿ ಹರಡಿ, ಮಗ ಮಯೂರನ ಕೈಯಿಂದ ಉಂಗುರದಲ್ಲಿ ಬರೆಸಿದ್ದು. ನಮ್ಮ ಮನೆಗೆ ಬಂದ ಸೊಸೆಯರಿಗೆಲ್ಲ ಇದೇ ಪದ್ಧತಿ. ಆದರೆ ಯಾರೂ ಅದನ್ನು ಆಧಾರ್‌ವರೆಗೆ ಒಯ್ದಿರಲಿಲ್ಲ. ನಾನು ಒಯ್ದೆ. ಮಾರನೇ ವಾರವೇ, ಮುಂದೆ ನಿಂತು.

"ಹಾಗಾದ್ರೆ ಪಾಸ್‌ಪೋರ್ಟಲ್ಲೂ ವಸುಧಾ ಅಂತ್ಲೇ ಮಾಡ್ಸು," ಎಂದೆ.

"ಡಿಗ್ರಿ, ಪರ್ಮಿಟ್ ಎಲ್ಲಾ ಪ್ರಕೃತಿ ಹೆಸ್ರಲ್ಲಿದೆ ಅತ್ತೆ. ವಸುಧಾ ಯಾವ ಪರೀಕ್ಷೇನೂ ಬರ್ದಿಲ್ಲ."

ಎದುರು ಮಾತು!

ಜೂನ್ 18, ಮಂಗಳವಾರ

ಎಂಟು ದಿನದಿಂದ ಸೊಸೆಯೊಂದಿಗೆ ಮಾತು ಬಿಟ್ಟಿದ್ದೆ. ಇವತ್ತು ಅವಳು ಕೆಲಸಕ್ಕೆ ಹೋದ ಮೇಲೆ ಅವಳ ಫೈಲು ಬಿಚ್ಚಿದೆ. ಒಂಬತ್ತು ಸರ್ಟಿಫಿಕೇಟು. ಒಂದೊಂದನ್ನೂ ಓದಿದೆ. ಕಾಲೇಜಿಗೇ ಮೊದಲ ರ‍್ಯಾಂಕ್ — ಹೇಳೇ ಇಲ್ಲ ಇವಳು. ನಾನು ಕೇಳಿದ್ದೆನೆ?... ಎಲ್ಲದರಲ್ಲೂ ಪ್ರಕೃತಿ. ವಸುಧಾ ಎಲ್ಲೂ ಇಲ್ಲ.

ಆಧಾರ್‌ನಲ್ಲಿ ಹೆಸರು ಮತ್ತೆ ಪ್ರಕೃತಿ ಎಂದೇ ಬದಲಿಸುತ್ತೇನೆ ಎಂದೆ. ಯಜಮಾನರು ತಕ್ಷಣ ತಂಗಿಯ ಕಿವಿಗೆ ಹಾಕಿದ್ದಾರೆ. ಸಂಜೆಯೇ ನಾದಿನಿಯ ಫೋನು.

"ಏನ್ ಅತ್ತಿಗೆ, ಅಕ್ಕಿ ಮೇಲೆ ಬರ್ದ ಹೆಸ್ರು ಅಳಿಸೋದುಂಟಾ?"

"ಆ ಅಕ್ಕೀಲಿ ಮಾರನೇ ದಿನ ಪಾಯಸ ಮಾಡಿದ್ವಲ್ಲಮ್ಮ. ನೀನೂ ಎರಡು ಲೋಟ ಕುಡ್ದೆ."

ಫೋನಿಟ್ಟೆ.

ಜೂನ್ 20, ಗುರುವಾರ. ಸಂಜೆ

ಬೆಳಿಗ್ಗೆ ಬನಶಂಕರಿಯ ಆಧಾರ್ ಕೇಂದ್ರ. ಕೌಂಟರಿನ ಹುಡುಗಿ ಎಚ್ಚರಿಸಿದಳು. "ಆಂಟಿ, ಹೆಸ್ರು ಎರಡೇ ಸಲ ಚೇಂಜ್ ಮಾಡೋಕಾಗೋದು. ಇದೇ ಲಾಸ್ಟು. ಆಮೇಲೆ ಮತ್ತೆ ವಸುಧಾ ಬೇಕು ಅಂದ್ರೆ ಕಷ್ಟ."

"ಯಾರಿಗೆ ಬೇಕು? ನೀನು ಮಾಡಮ್ಮ."

ಸೊಸೆ ನನ್ನನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು.

"ಆ ಕಡೆ ನೋಡೇ. ಫೋಟೋ ತೆಗೀತಾರೆ."

ಅರ್ಜಿ ಹೋಯಿತು. ರಸೀದಿ ನನ್ನ ಬೀರುವಿನಲ್ಲಿದೆ. ಇನ್ನು ಪಾಸ್‌ಪೋರ್ಟಿಗೂ ಅಡ್ಡಿಯಿಲ್ಲ. ಮನೆಯಲ್ಲೂ ಪ್ರಕೃತಿಯೇ, ಎಂದು ಎಲ್ಲರಿಗೂ ಹೇಳಿಯಾಯಿತು.

ಈಗ ಯಜಮಾನರು ನಡುಮನೆಯಿಂದ ಕೂಗುತ್ತಿದ್ದಾರೆ — "ವಸುಧಾ, ಕಾಫಿ!" ಪಕ್ಕದಲ್ಲಿದ್ದ ಪ್ರಕೃತಿ ಏಳಹೋದಳು. ಕೈ ಹಿಡಿದು ಕೂರಿಸಿದೆ. ಆ ಹೆಸರಿನವರು ಈ ಮನೆಯಲ್ಲಿ ಇಲ್ಲ. ಕಾಫಿ ಬೇಕಾದವರು ತಾವೇ ಎದ್ದು —