ಎರಡು ಬೆರಳು ಗಿಡ್ಡ ಕೋವಿ

ರೀಟ್‌ಕೂಲ್ ತೋಟ,
೧೩ ಜುಲೈ ೧೯೯೮, ಸೋಮವಾರ ಬೆಳಗ್ಗೆ

ವೆಸ್ಸೆಲ್,

ಮೊದಲು 'ಪ್ರೀತಿಯ ವೆಸ್ಸೆಲ್' ಅಂತಲೇ ಬರೆದಿದ್ದೆ. ಆಮೇಲೆ ಸಿಟ್ಟು ಬಂದು ಹೊಡೆದುಹಾಕಿದೆ. ಹಾಳೆ ಗಲೀಜಾಯಿತು ಅಂತ ಹೊಸ ಹಾಳೆ ತೆಗೆದುಕೊಂಡೆ. ಕೊನೆತನಕ ಓದಿದ ಮೇಲೆ ಆ ಶಬ್ದ ಇರಬೇಕಿತ್ತು ಅನ್ನಿಸಿದರೆ ನೀನೇ ಸೇರಿಸಿಕೋ, ಪೆನ್ನು ಇದೆ ತಾನೇ? ಫೋನ್ ಮಾಡಿದರೆ ನಿನ್ನ ತಮ್ಮ ಎತ್ತುತ್ತಾನೆ, ಅಣ್ಣ ಸಮುದ್ರದ ಕಡೆ ಹೋಗಿದ್ದಾನೆ ಅಂತಾನೆ. ಮೀನು ಅಂದರೆ ಮೂಗು ಮುಚ್ಚುವವನಿಗೆ ಒಂದೂವರೆ ವರ್ಷದಿಂದ ಸಮುದ್ರದ ಕಡೆ ಅದೇನು ಕೆಲಸವೋ! ಅದಕ್ಕೇ ಈ ಕಾಗದ.

ವಿಷಯ ಇಷ್ಟು: ನಾನೊಂದು ಕೋವಿ ಕೊಂಡಿದ್ದೇನೆ. ನಿಂತುಕೊಂಡು ಓದುತ್ತಿದ್ದರೆ ಕೂತುಕೋ. ಮೊಲ ಹೊಡೆಯುವಂಥದ್ದಲ್ಲ, ನಳಿಗೆಯ ಅಳತೆ ಮುನ್ನೂರ ಎಪ್ಪತ್ತೈದರ, ಕಾಡುಕೋಣ ಹೊಡೆಯುವಂಥ ದೊಡ್ಡ ಕೋವಿ. ತೋಟಾ ಒಂದೊಂದೂ ನನ್ನ ನಡುಬೆರಳಿಗಿಂತ ಉದ್ದ. ಸೆಕೆಂಡ್ ಹ್ಯಾಂಡ್.

ಯಾಕೆ ಅಂತ ಕೇಳುತ್ತೀಯ, ಗೊತ್ತು. ಫೆಬ್ರವರಿಯ ನೆರೆಯಲ್ಲಿ ಹೊಳೆಬದಿಯ ಬೇಲಿ ಕೊಚ್ಚಿಹೋಯಿತು. ಆಚೆಯ ಅಭಯಾರಣ್ಯದಿಂದ ಒಂದು ಮುದಿ ಒಂಟಿ ಕಾಡುಕೋಣ ಈಚೆ ಬಂತು. ಬಂದದ್ದು ಹೋಗಲೇ ಇಲ್ಲ. ಬೆಳಗ್ಗೆ ನಮ್ಮ ಕುದುರೆಮೆಂತೆ ಮೇವಿನ ಹೊಲದಲ್ಲಿ ಮೇಯುತ್ತದೆ, ಬಿಸಿಲೇರಿದರೆ ಮುಳ್ಳುಪೊದೆಯೊಳಗೆ ಮಲಗುತ್ತದೆ, ಬೇಜಾರಾದರೆ ಪಂಪಿನ ಮನೆಗೆ ಬೆನ್ನು ಉಜ್ಜುತ್ತದೆ. ಉಜ್ಜಿ ಉಜ್ಜಿ ಒಂದು ಗೋಡೆ ಬಿತ್ತು. ಮೂವತ್ತು ವರ್ಷದಿಂದ ನಮ್ಮ ಅಡುಗೆಮನೆಯನ್ನೂ ನಮ್ಮಿಬ್ಬರನ್ನೂ ಆಳುತ್ತ ಬಂದ ಮೊಖಾಡಿ ಮೋಟಾರು ಹಾಕಲು ಹೋದಾಗ ಅವಳನ್ನು ಮರ ಹತ್ತಿಸಿ ಎರಡು ಗಂಟೆ ಕೆಳಗೇ ಕಾವಲು ನಿಂತಿತ್ತು. ಅವಳಿಗೀಗ ಐವತ್ತೆಂಟು. ಇಳಿದು ಬಂದವಳು ಏನಂದಳು ಗೊತ್ತೇ? 'ಯಜಮಾನ್ರು ಆ ಕಡೆ ಹೋದ್ರು, ಇವ್ನು ಈ ಕಡೆ ಬಂದ. ಇವನೂ ಹಾಗೇ ಮುಖ ಗಂಟಿಕ್ಕಿಕೊಂಡು ನಿಂತಿರ್ತಾನೆ ನೋಡಿ ಗೆಸಿನಮ್ಮ. ಬೇರೆ ಹೆಸರು ಯಾಕೆ ಹುಡುಕೋದು?' ಅಂದಿನಿಂದ ಕೋಣದ ಹೆಸರು ವೆಸ್ಸೆಲ್. ಕೋಪಿಸಿಕೊಳ್ಳಬೇಡ, ನಾನಿಟ್ಟದ್ದಲ್ಲ.

ವನ್ಯಜೀವಿ ಕಚೇರಿಯವರು ಬಂದು ನೋಡಿ, ಈ ಜುಲೈ ಕೊನೆಯೊಳಗೆ ಹೊಡೆಯಬಹುದು ಅಂತ ಕಾಗದ ಕೊಟ್ಟರು. ಮುನ್ನೂರ ಎಪ್ಪತ್ತೈದಕ್ಕಿಂತ ಸಣ್ಣ ಕೋವಿ ಮಾತ್ರ ಕೂಡದು. ನಿನ್ನ ದೊಡ್ಡ ಕೋವಿಯನ್ನೋ, ಹಲ್ಲುಜ್ಜುವ ಬ್ರಷ್ ಮರೆತು ಹೋದವನು ಅದನ್ನು ಮಾತ್ರ ಮರೆಯದೆ ಹೊತ್ತುಕೊಂಡು ಹೋಗಿದ್ದೀಯ.

ಹಾಗಾಗಿ ಪೇಟೆಯ ಕೋವಿ ಅಂಗಡಿಗೆ ಹೋದೆ. ಹನ್ನೊಂದು ಕೋವಿ ಎತ್ತಿ ನೋಡಿದೆ. ಎಲ್ಲವೂ ನಿನ್ನಂಥ ಉದ್ದ ಕೈಯ ಗಂಡಸರಿಗೆ ಮಾಡಿದವು. ಹೆಗಲಿಗೆ ಇಟ್ಟರೆ ಟ್ರಿಗರ್ ಪಕ್ಕದೂರಲ್ಲಿರುತ್ತದೆ. ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದೆನಲ್ಲ, ಈ ಮನೆಯಲ್ಲಿ ನನ್ನ ಕೈಯಳತೆಗೆ ಸರಿಹೋಗುವುದು ಸೌಟು ಒಂದೇ ಅಂತ. ನೀನು ಕಿವಿ ಕೇಳದವನ ಹಾಗೆ ಕಾಫಿ ಕುಡಿಯುತ್ತಿದ್ದೆ. ಹನ್ನೆರಡನೆಯದು ಮೂಲೆಯಲ್ಲಿ ದನದ ಉಪ್ಪಿನ ಮೂಟೆಯ ಹಿಂದೆ ಇತ್ತು. ಅಂಗಡಿಯವನು 'ಅದು ಬೇಡಮ್ಮಾ, ಯಾರೋ ಹೆಗಲಿಗಿಡುವ ಹಿಂದಿನ ಮರ ಕೊಯ್ದು ಕೆಡಿಸಿದ್ದಾರೆ. ಎರಡು ಬೆರಳು ಗಿಡ್ಡ. ಒಂದೇ ಒಂದು ಗುಂಡು ಹಾರಿಸಿ ತಂದು ಮಾರಿಬಿಟ್ಟ ಪುಣ್ಯಾತ್ಮ' ಅಂದ. ಯಾರು ಅಂತ ಕೇಳಿದೆ. ಹೆಸರು ಬಿಟ್ಟು ಬೆಲೆ ಹೇಳಿ ನಕ್ಕ. ನಾನು ಕಣ್ಣು ಮುಚ್ಚಿ ಕೋವಿ ಎತ್ತಿದೆ, ಹೆಗಲಿಗಿಟ್ಟು ಕಣ್ಣು ತೆರೆದೆ. ಕೋವಿಯ ಮೇಲೆ ಕೂರಿಸಿದ ದುರ್ಬೀನಿನ ನಟ್ಟನಡುವೆ ಗೋಡೆಯ ಕ್ಯಾಲೆಂಡರಿನ ಆಕಳ ಮೂಗು ನಿಂತಿತ್ತು. ಅಳತೆ ಕೊಟ್ಟು ಹೊಲಿಸಿದ ಅಂಗಿ ಹಾಕಿಕೊಂಡ ಹಾಗಿತ್ತು ವೆಸ್ಸೆಲ್. ಅಲ್ಲೇ ಕೊಂಡೆ. ಪರವಾನಗಿ ಕೈಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನವೂ ಕೋಣ ಕಾದಿತ್ತು, ಪಾಪ.

ಮನೆಗೆ ತಂದ ಮರುದಿನವೇ ಪಕ್ಕದ ತೋಟದ ಸಾರೆಲ್ ಹಾಜರು. ಅವನು ಕೆಡಿಸದ ವಸ್ತು ಈ ಸೀಮೆಯಲ್ಲಿಲ್ಲ ಅಂತ ನಿನಗೇ ಗೊತ್ತು. 'ಹೆಂಗಸಿನ ಹೆಗಲು, ಮುನ್ನೂರ ಎಪ್ಪತ್ತೈದರ ಒದೆ! ಬಿಡಕ್ಕ, ನಾನು ಸರಿ ಮಾಡಿಕೊಡ್ತೀನಿ' ಅಂದ. ಒದೆ ತಗ್ಗಲಿ ಅಂತ ಹಿಂದುಗಡೆಗೆ ದಪ್ಪ ರಬ್ಬರಿನ ಪಟ್ಟಿ ಜಡಿದ. ತುಕ್ಕು ಹಿಡಿಯದಿರಲಿ ಅಂತ ದುರ್ಬೀನಿನ ಸ್ಕ್ರೂಗಳಿಗೆಲ್ಲ ಎಣ್ಣೆ ಉಣಿಸಿದ. ನಾನೂ ಬೆಪ್ಪುತಕ್ಕಡಿಯ ಹಾಗೆ ಎಣ್ಣೆ ಡಬ್ಬಿ ಹಿಡಿದುಕೊಟ್ಟೆ. ಆಮೇಲೆ ಮೂರು ಗುಂಡು ಹೊಡೆದೆ. ಒಂದು ಹುತ್ತಕ್ಕೆ ಹೋಯಿತು, ಒಂದು ನೀರಿನ ಟ್ಯಾಂಕಿಗೆ. ಮೂರನೆಯದು ಎಲ್ಲಿ ಹೋಯಿತೋ ದೇವರೇ ಬಲ್ಲ, ಬಹುಶಃ ಬೋಟ್ಸ್ವಾನಾದಲ್ಲಿ ಯಾರಾದರೂ ಹುಡುಕುತ್ತಿರಬಹುದು. ಸಾರೆಲ್ ಟ್ಯಾಂಕಿನ ತೂತಿಗೆ ಬೆರಳಿಟ್ಟುಕೊಂಡು 'ಕೋವಿ ಚೆನ್ನಾಗಿದೆ, ನಿನ್ನ ಕನ್ನಡಕ ಬದಲಾಯಿಸಬೇಕಕ್ಕ' ಅಂದ. ಕೋಣ ಹೊಲದಲ್ಲಿ ತಲೆಯೆತ್ತಿ ನಮ್ಮನ್ನು ನೋಡಿ, ಮತ್ತೆ ಮೇಯತೊಡಗಿತು.

ಬೇರೆ ದಾರಿಯಿಲ್ಲದೆ ಕಳೆದ ಗುರುವಾರ ಫಾನಿ ಮಾಮನ ಹತ್ತಿರ ಹೋದೆ. ಹೌದು, ಕೋವಿ ರಿಪೇರಿಯ ಫಾನಿ ಮಾಮನೇ. ಈಗ ನಿನ್ನ ಎದೆ ಹೊಡೆದುಕೊಳ್ಳುತ್ತಿದೆ ಅಲ್ಲವೇ? ಹೊಡೆದುಕೊಳ್ಳಲಿ.

ಮಾಮನಿಗೆ ಎಂಬತ್ತಾದರೂ ಕೈ ನಡುಗುವುದಿಲ್ಲ, ಬಾಯಿ ನಿಲ್ಲುವುದಿಲ್ಲ. 'ಯಾವ ಕತ್ತೆ ಇದನ್ನ ಜಡಿದಿದ್ದು?' ಅಂತ ರಬ್ಬರ್ ಪಟ್ಟಿ ಕಿತ್ತೆಸೆದ. ಮರದ ತುದಿ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. 'ಅರೆ, ಇದು ನಾನೇ ಕೊಯ್ದದ್ದು' ಅಂದ. ಯಾರಿಗೆ ಮಾಮ ಅಂತ ಕೇಳಿದೆ. 'ಹೆಸರು ಹೇಳಲ್ಲಮ್ಮ, ಆಣೆ ಹಾಕಿಸಿಕೊಂಡಿದಾನೆ. ಹೆಂಡ್ತಿಗೆ ಗುಟ್ಟಾಗಿ ಕೊಡ್ಬೇಕು ಅಂದ. ಮದುವೆಯಾಗಿ ಮೂವತ್ತು ವರ್ಷ ಆಯ್ತಂತೆ. ಮನೇಲಿ ಅವಳ ಕೈಗೆ ಸರಿಹೋಗೋದು ಸೌಟು ಒಂದೇ ಅಂತ ದಿನಾ ಬೈತಾಳಂತೆ. ಅಳತೆಗೆ ಅವಳದೊಂದು ಸ್ವೆಟರ್ ಕದ್ದು ತಂದಿದ್ದ, ತೋಳಿನ ಉದ್ದ ನೋಡಿ ಕೊಯ್ದೆ' ಅನ್ನುತ್ತ ಕೈಯ ಎಣ್ಣೆ ಒರೆಸಿಕೊಂಡ. ಯಾವುದಕ್ಕೆ ಒರೆಸಿಕೊಂಡ ಗೊತ್ತೇ? ನನ್ನ ಹಸಿರು ಸ್ವೆಟರಿಗೆ! ನಾಲ್ಕು ಮರದ ಗುಂಡಿ, ಐದನೆಯದು ಕಪ್ಪು. ನಿನ್ನ ಕೋಟಿನಿಂದ ಕಿತ್ತು ನಾನೇ ಹೊಲಿದದ್ದು. ನನ್ನ ಮುಖ ನೋಡಿ ಮಾಮನ ಕೈ ಅಲ್ಲೇ ನಿಂತಿತು. 'ಅಯ್ಯೋ ದೇವರೇ, ಆ ಹೆಂಡ್ತಿ ನೀನೇ ಅಲ್ವೇನೇ?' ಅಂದ.

ನಾನು ಅವನ ಮುರುಕು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ.

ಯಾಕೆಂದರೆ ನಿನ್ನ ಮೇಲೆ ನಾನು ಹೊರಿಸಿದ ಆರೋಪ ಮೂರು. ಸ್ವೆಟರ್ ಕಾಣೆಯಾಗಿತ್ತು, ನೀನೇ ಅದನ್ನು ಆ ವಿಧವೆ ಡ್ರೀನಿಗೆ ಕೊಟ್ಟೆ ಅಂದೆ. ನಿನ್ನ ಗಾಡಿ ಮೂರು ಸಲ ಅವಳ ಗೇಟಿನಲ್ಲಿ ಕಂಡಿತ್ತು. ಕೊನೆಗೆ ಒಂದು ಸಂಜೆ ನೀನು ಬಲಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಮಾಡಿಕೊಂಡು ಬಂದೆ. ಅವಳು ಸಾಸರಿನಲ್ಲಿ ಹೊಡೆದಳು ಅಂತ ನಾನಂದೆ. ನೀನು ಟ್ರ್ಯಾಕ್ಟರಿನ ಬಾನೆಟ್ಟು ಬಡಿಯಿತು ಅಂದೆ. ಟ್ರ್ಯಾಕ್ಟರ್ ಮೂರು ವಾರದಿಂದ ವರ್ಕ್‌ಶಾಪಿನಲ್ಲಿ ತುಂಡು ತುಂಡಾಗಿ ಬಿದ್ದಿತ್ತಲ್ಲೋ ಮಹಾರಾಯ! ಸುಳ್ಳು ಹೇಳುವಾಗಲಾದರೂ ಮನೆಯಲ್ಲಿರುವ ವಸ್ತು ಆರಿಸಬಾರದೇ? ಹುಬ್ಬಿಗೆ ಒಂದು ಅರ್ಧಚಂದ್ರ ಬಿದ್ದಿತ್ತು, ಕತ್ತಿಗೆ ಇನ್ನೊಂದನ್ನು ನಾನು ಕೊಟ್ಟು ಹೊರಗೆ ಹಾಕಿದೆ.

ಫಾನಿ ಮಾಮ ಎಲ್ಲ ಬಿಡಿಸಿ ಹೇಳಿದ. ಗುರಿ ಹೊಂದಿಸಿ ತಯಾರಾಗಿಯೇ ಕೊಡಬೇಕು ಅಂತ ನಿನಗೆ ಹಟ. ನಮ್ಮಲ್ಲಿ ಹೊಡೆದರೆ ನನಗೆ ಕೇಳಿಸುತ್ತದೆ ಅಂತ ನೀನು ಡ್ರೀನಿಯ ತೋಟಕ್ಕೆ ಹೋದೆ, ಜಾಗ ನೋಡಲು ಒಂದು ಸಲ, ಗುರಿಹಲಗೆ ನೆಡಲು ಒಂದು ಸಲ, ಹೊಡೆಯಲು ಒಂದು ಸಲ. 'ಮರ ನಿನ್ನ ಕೈಗೆ ಕೊಯ್ದದ್ದು, ಅವನೋ ಒಂಟೆ. ಕತ್ತು ಚಾಚಿ ಹೊಡೆದರೆ ದುರ್ಬೀನು ಹುಬ್ಬಿಗೆ ಬಡಿಯದೆ ಮುತ್ತಿಡುತ್ತಾ?' ಅಂತ ಮಾಮ ನಕ್ಕಿದ್ದೇ ನಕ್ಕಿದ್ದು.

ಹೇಳಿಬಿಡಬಾರದಿತ್ತೇ ವೆಸ್ಸೆಲ್? ನನಗೆ ಗೊತ್ತು ಯಾಕೆ ಹೇಳಲಿಲ್ಲ ಅಂತ. ಚರ್ಚಿನವರ ಗುರಿಸ್ಪರ್ಧೆಯಲ್ಲಿ ಹನ್ನೊಂದು ಸಲ ಗೆದ್ದವನು ನೀನು. ಈ ಸೀಮೆಯ ಅರ್ಧ ಗಂಡಸರಿಗೆ 'ದುರ್ಬೀನಿಂದ ನಾಲ್ಕು ಬೆರಳು ದೂರ ಇರ್ರೋ' ಅಂತ ಕಲಿಸಿದವನು. ಪಾಪ ಮಾಡಿದವನನ್ನು ನಮ್ಮ ಜನ ಒಂದು ಭಾನುವಾರದಲ್ಲಿ ಕ್ಷಮಿಸುತ್ತಾರೆ. ಹುಬ್ಬು ಸೀಳಿಸಿಕೊಂಡವನನ್ನು ಮೂರು ತಲೆಮಾರಾದರೂ ಬಿಡುವುದಿಲ್ಲ. ಸಾರೆಲ್‌ನ ಅಜ್ಜನಿಗೆ ಆದದ್ದನ್ನು ಇವತ್ತಿಗೂ ಬೆಂಕಿಯ ಸುತ್ತ ಮಾಂಸ ಸುಡುತ್ತ ಹೇಳಿಕೊಂಡು ನಗುವವರಲ್ಲಿ ನೀನೇ ಮೊದಲಿಗ. ಅದಕ್ಕೇ ಹೆಂಡತಿ ನಿನ್ನನ್ನು ವ್ಯಭಿಚಾರಿ ಅಂದರೂ ಬಾಯಿ ಮುಚ್ಚಿಕೊಂಡು ಹೋದೆ. ಎಂಥಾ ಗಂಡಸೋ ನೀನು! ನನಗೆ ನಗಬೇಕೋ ಒದೆಯಬೇಕೋ ತಿಳಿಯುತ್ತಿಲ್ಲ. ಆದರೆ ಕೇಳಿಸಿಕೊಳ್ಳದವನ ಹಾಗೆ ಕಾಫಿ ಕುಡಿಯುತ್ತ ನನ್ನ ಸೌಟಿನ ಮಾತನ್ನು ಅಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದೆಯಲ್ಲ, ಅದನ್ನು ನೆನೆದು ಇವತ್ತು ಬೆಳಗ್ಗೆ ನಿನ್ನ ಲೋಟಕ್ಕೂ ಕಾಫಿ ಬಗ್ಗಿಸಿದೆ.

ಕೋವಿಯನ್ನು ಮಾಮ ಈಗ ಪೂರ್ತಿ ಸರಿಮಾಡಿದ್ದಾನೆ. ಎಣ್ಣೆ ಕುಡಿದು ಸಡಿಲಾಗಿದ್ದ ಸ್ಕ್ರೂಗಳನ್ನು ಒರೆಸಿ ಅಂಟು ಹಾಕಿ ಬಿಗಿದ. ನಳಿಗೆಗೂ ಮರಕ್ಕೂ ನಡುವೆ ಕಾಗದದ ಚೂರು ತೂರಿಸಿ ಎಳೆದು, ಸಿಕ್ಕಿಕೊಂಡ ಕಡೆಯೆಲ್ಲ ಮರ ಕೆರೆದ. ಟ್ರಿಗರ್ ಈಗ ಮೊದಲಿನಂತೆ ಗೊಣಗುವುದಿಲ್ಲ. ದುರ್ಬೀನನ್ನು ಒಂದಿಷ್ಟು ಮುಂದಕ್ಕೆ ಸರಿಸಿದ. ಮರದ ಉದ್ದವನ್ನು ಮಾತ್ರ ಮುಟ್ಟಲಿಲ್ಲ. ಶನಿವಾರ ನೂರು ಹೆಜ್ಜೆಯಿಂದ ಹೊಡೆದೆ. ಮೂರು ಗುಂಡೂ ಕಾಫಿ ಲೋಟದ ಬಾಯಷ್ಟು ಜಾಗದಲ್ಲಿ ಬಿದ್ದವು. ಆ ಹಾಳೆ ಲಕೋಟೆಯಲ್ಲಿದೆ, ನೋಡಿ ಹೊಟ್ಟೆ ಉರಿದುಕೋ.

ಶುಕ್ರವಾರವೇ ಹಾಲಿನ ಟಾರ್ಟ್ ಮಾಡಿಕೊಂಡು ಡ್ರೀನಿಯ ಮನೆಗೆ ಹೋಗಿದ್ದೆ. ಅವಳು ಕೊಟ್ಟ ಜಾಮ್ ಬಾಟಲಿಯನ್ನು ಮುಚ್ಚಳ ತೆಗೆಯದೆ ವಾಪಸು ಕಳಿಸಿದವಳು ನಾನು, ಒಂದೂವರೆ ವರ್ಷ ಚರ್ಚಿನಲ್ಲಿ ಅವಳಿಗೆ ಬೆನ್ನು ಹಾಕಿ ಕೂತವಳು. ಅವಳು ಟಾರ್ಟ್ ಕತ್ತರಿಸುತ್ತ 'ನಿನ್ನ ಗಂಡನ್ನ ಕಟ್ಟಿಕೊಂಡು ನಾನೇನು ಮಾಡ್ಲೇ ಮಾರಾಯ್ತಿ? ನನ್ನವನು ಒಬ್ಬನನ್ನ ಸುಧಾರಿಸೋದ್ರಲ್ಲೇ ನಲವತ್ತು ವರ್ಷ ಹೋಯ್ತು. ಇವನ ಹುಬ್ಬಿಗೆ ಬ್ಯಾಂಡೇಜು ಕಟ್ಟಿದೆ, ಯಾರಿಗೂ ಹೇಳ್ಬೇಡ ಅಂತ ಕಾಲು ಹಿಡಿಯೋದೊಂದು ಬಾಕಿ' ಅಂದಳು. ಇಬ್ಬರೂ ನಕ್ಕು ನಕ್ಕು ಟಾರ್ಟ್ ಪೂರ್ತಿ ಮುಗಿಸಿದೆವು.

ಈಗ ಮುಖ್ಯ ವಿಷಯ. ಮುಳ್ಳುಪೊದೆಯೊಳಗಿರುವ ಕಾಡುಕೋಣದ ಹಿಂದೆ ಒಬ್ಬರೇ ಹೋಗಕೂಡದು, ಇಬ್ಬರು ಬೇಕು, ಒಬ್ಬರ ಬೆನ್ನಿಗೆ ಇನ್ನೊಬ್ಬರು ಅಂತ ನೀನೇ ಊರಿಗೆಲ್ಲ ಹೇಳುತ್ತಿದ್ದೆ. ಸಾರೆಲ್ ನಾನು ಬರ್ತೀನಿ ಅಂತಾನೆ. ಅವನು ಬೆನ್ನ ಹಿಂದೆ ಇರುವುದಕ್ಕಿಂತ ಕೋಣ ಎದುರಿಗಿರುವುದೇ ಮೇಲು. ಕಾಗದದ ಗಡುವು ಮುಗಿಯಲು ಹದಿನೆಂಟು ದಿನ ಇದೆ. ತಪ್ಪು ಮಾಡಿದ್ದು ನಾನು. ಅದನ್ನು ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ, ಬರೆದು ಹೇಳಿದ್ದೇನೆ. ಬಾ. ನಿನ್ನ ಕೋವಿ ತಗೊಂಡು ಬಾ. ನೀನಿಲ್ಲದೆ ನಾನು ಆ ಪೊದೆಯೊಳಗೆ ಕಾಲಿಡುವುದಿಲ್ಲ.

ಇಂತಿ,
ಇನ್ನೂ ನಿನ್ನ ಹೆಸರನ್ನೇ ಇಟ್ಟುಕೊಂಡಿರುವ
ಗೆಸಿನಾ

ಮರೆತಿದ್ದೆ: ಮೂರು ಗುಂಡಿನ ವಿಷಯ ಬರೆದೆ, ನಾಲ್ಕನೆಯದರ ವಿಷಯ ಬರೆಯಲಿಲ್ಲ. ಮೂರರ ಜಂಬದಲ್ಲಿ ನಾಲ್ಕನೆಯದಕ್ಕೆ ಮುಖ ತೀರ ಮುಂದೆ ಚಾಚಿದೆ. ಬಲಹುಬ್ಬು, ಅರ್ಧಚಂದ್ರ, ಥೇಟ್ ನಿನ್ನದರ ಹಾಗೇ. ನಿನ್ನೆ ಚರ್ಚಿನಲ್ಲಿ ಪಟ್ಟಿ ಹಚ್ಚಿಕೊಂಡು ಡ್ರೀನಿಯ ಪಕ್ಕವೇ ಕೂತಿದ್ದೆ. ಪಾದ್ರಿಯ ಹೆಂಡತಿ ಇದೇನಾಯಿತು ಅಂತ ಕೇಳಿದಳು. ಟ್ರ್ಯಾಕ್ಟರಿನ ಬಾನೆಟ್ಟು ಬಡಿಯಿತು ಅಂದೆ. ಟ್ರ್ಯಾಕ್ಟರ್ ಮತ್ತೆ ವರ್ಕ್‌ಶಾಪಿನಲ್ಲಿದೆ ಅಂತ ಊರಿಗೆಲ್ಲ ಗೊತ್ತು. ನಿನ್ನ ಸಾಸರಿನ ಕಥೆಯನ್ನು ಆಗ ಊರಿಗೆಲ್ಲ ಹಬ್ಬಿಸಿದವಳು ನಾನೇ, ಹಾಗಾಗಿ ಈಗ ಎಲ್ಲರೂ ಡ್ರೀನಿ ನನಗೂ ಸಾಸರಿನಲ್ಲಿ ಹೊಡೆದಳು ಅಂತ ನಂಬಿದ್ದಾರೆ. ನಂಬಲಿ ಬಿಡು. ನಾನಂತೂ ಸತ್ತರೂ ಬಾಯಿ ಬಿಡುವುದಿಲ್ಲ.